ರಸೂಲಸಾಬನ ದನಿ, ಲಕ್ಕವ್ವನ ಎಮ್ಮಿ

ರಸೂಲಸಾಬನಿಗೆ ಮೈ ಕೊಡುವಾಗ ಕೈ ಬಿಗಿ ಹಿಡಿದ ದೇವರು, ದನಿ ಕೊಡುವಾಗ ಪೂರ್ತಿ ಕೈ ಬಿಚ್ಚಿಬಿಟ್ಟಿದ್ದ. ಆಳು ನೋಡಿದರೆ ಒಣಗಿದ ಜೋಳದ ದಂಟು. ಬಾಯಿ ತೆರೆದರೆ ಮಾತ್ರ, ವಿಜಾಪುರದ ಸಿದ್ಧೇಶ್ವರ ಗುಡಿಯ ಮುಂದೆ ಕಾಯಿಪಲ್ಯ ಮಾರುವ ಹೆಂಗಸರು ತಕ್ಕಡಿ ಕೆಳಗಿಟ್ಟು ತಿರುಗಿ ನೋಡುತ್ತಿದ್ದರು.

ಅವನ ಮನೆ ಗುಡಿಯಿಂದ ಸ್ವಲ್ಪ ಆಚೆ, ಒಂದಕ್ಕೊಂದು ಗೋಡೆ ಹಚ್ಚಿಕೊಂಡು ನಿಂತ ಮನೆಗಳ ಓಣಿಯಲ್ಲಿತ್ತು. ಹೆಂಡತಿ ಮದೀನಾಬಿ ಹಳೆ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತ ರಸೂಲಸಾಬ, "ಪಲ್ಯಾಕ ಉಪ್ಪು ಕಡಿಮಿ ಆಗೇತಿ" ಅಂದ. ತನ್ನ ಲೆಕ್ಕದಲ್ಲಿ ಅವನು ಪಿಸುಗುಟ್ಟಿದ್ದ. ಅಷ್ಟರಲ್ಲೇ ಗೋಡೆಯ ಮೇಲಿಂದ ಬಾಜು ಮನೆಯ ಬಾನುಬಿಯ ಕೈ ಕಾಣಿಸಿತು. ಕೈಯಲ್ಲಿ ಉಪ್ಪಿನ ಬಟ್ಟಲಿತ್ತು. ಮದೀನಾಬಿ ನಾಚಿಕೆಯಿಂದ ಅದನ್ನು ಇಸಿದುಕೊಂಡಳು. ಅವತ್ತೇ ಮನೆಗೊಂದು ಕಾಯ್ದೆ ಬಂತು: ಒಳಗೆ ಬಂದ ಮೇಲೆ ಬಾಯಿ ಕೆಲಸ ಕೈ ಮಾಡಬೇಕು. ನೀರು, ರೊಟ್ಟಿ, ಸಿಟ್ಟು, ಪ್ರೀತಿ ಎಲ್ಲಕ್ಕೂ ಒಂದೊಂದು ಸನ್ನೆ ಹುಟ್ಟಿಕೊಂಡಿತು.

ಗುಡಿಯ ಮಗ್ಗುಲಿಗೆ ಊರೂರಿಗೆ ಹೋಗುವ ಜೀಪುಗಳು ನಿಲ್ಲುತ್ತಿದ್ದವು. ತಿಕೋಟಾ ಕಡೆಯ ಜೀಪಿನ ಮಾಲೀಕ ಅಬ್ದುಲಗನಿ ಮಂದಿ ಕೂಗುವ ಕೆಲಸಕ್ಕೆ ರಸೂಲಸಾಬನನ್ನು ಇಟ್ಟುಕೊಂಡ. "ತಿಕೋಟಾ, ತಿಕೋಟಾ, ತಿಕೋಟಾ! ಹೊಂಟೈತ್ರಿ, ಹೊಂಟೈತಿ!" ಎಂದು ಅವನು ಒಮ್ಮೆ ಕೂಗಿದರೆ ಸರಕಾರಿ ಬಸ್ಸು ಹತ್ತಿ ಕೂತವರೂ ಗಂಟುಮೂಟೆ ಎತ್ತಿಕೊಂಡು ಇಳಿದು ಬರುತ್ತಿದ್ದರು.

ರಸೂಲಸಾಬನಿಗೆ ಒಂದು ದೌರ್ಬಲ್ಯ ಇತ್ತು. ಎದುರಿಗೆ ನಿಂತವನ ಮಾತು ಅವನಿಗೆ ಯಾವಾಗಲೂ ಖರೆ ಅನಿಸುತ್ತಿತ್ತು. ಬಸ್ಸಿನ ಕಂಡಕ್ಟರು ಒಂದು ದಿನ ಬೆವರು ಒರೆಸಿಕೊಳ್ಳುತ್ತ ಬಂದು, "ಸಾಬಣ್ಣ, ನಮಗೂ ಹೆಂಡ್ರು ಮಕ್ಕಳದಾರಪಾ. ಖಾಲಿ ಬಸ್ಸು ಒಯ್ದರ ಸಾಹೇಬರು ಬೈತಾರ" ಎಂದು ಅಲವತ್ತುಕೊಂಡ. ರಸೂಲಸಾಬನಿಗೆ ಕರುಳು ಚುರ್ ಅಂದಿತು. ತಿರುಗಿ ನಿಂತು, "ಬಸ್ಸೂ ಹೊಂಟೈತ್ರಿ! ಗಾದಿ ಮೆತ್ತಗೈತ್ರಿ!" ಎಂದು ಅಷ್ಟೇ ನಿಷ್ಠೆಯಿಂದ ಕೂಗಿದ. ಜೀಪಿನ ಮಂದಿ ಬಸ್ಸಿಗೆ ಓಡಿದರು. ಅಬ್ದುಲಗನಿ ಆ ಹೊತ್ತಿಗೇ ಅವನನ್ನು ಕೆಲಸದಿಂದ ಬಿಡಿಸಿದ.

ಇಳಿಯದೆ ಜೀಪಿನಲ್ಲೇ ಉಳಿದವರು ತಿಕೋಟಾದ ಬಸಗೊಂಡಪ್ಪ ಒಬ್ಬರೇ. ಹೊಸದಾಗಿ ದ್ರಾಕ್ಷಿ ತೋಟ ಮಾಡಿದ ರೈತರು. ಆಗ ಎಪ್ಪತ್ತೆಂಟನೇ ಇಸವಿ. ಸಂಕ್ರಾಂತಿ ಮುಗಿದು ಕಾಯಿಗೆ ಸಿಹಿ ಇಳಿಯುತ್ತಿದ್ದ ದಿನಗಳು. ಗಿಣಿ, ಗೊರವಂಕಗಳು ಗುಂಪುಗುಂಪಾಗಿ ಬಂದು ಗೊನೆಗೆ ಬೀಳುತ್ತಿದ್ದವು. ಡಬ್ಬಿ ಬಡಿದರೂ ಹೋಗುತ್ತಿರಲಿಲ್ಲ, ಹುಲ್ಲಿನ ಬೆದರುಗೊಂಬೆಯ ತಲೆ ಮೇಲೆ ಕೂತು ದ್ರಾಕ್ಷಿ ತಿನ್ನುತ್ತಿದ್ದವು. ಬಸಗೊಂಡಪ್ಪ ಜೀಪಿನಿಂದ ತಲೆ ಹೊರಗೆ ಹಾಕಿ, "ಏ ಸಾಬ, ಈ ದನಿ ಮನಷ್ಯಾರ ಮ್ಯಾಲ ಯಾಕ ಹಾಳ ಮಾಡಾಕತ್ತೀದಿ? ನನ್ನ ತೋಟಕ್ಕ ಬಾ" ಅಂದರು.

"ಅಲ್ಲಿ ಏನ ಕೂಗಬೇಕ್ರಿ ಸಾವಕಾರ್ರ?"

"ಏನರೆ ಕೂಗು. ಹಕ್ಕಿಗೇನು ಅರ್ಥ ಗೊತ್ತಾಕೈತಿ?"

ತೋಟದ ನಡುವೆ ನಾಲ್ಕು ಕಂಬ ನೆಟ್ಟು ಮೇಲೆ ಹಲಗೆ ಹಾಸಿ ಅಟ್ಟಣಿಗಿ ಕಟ್ಟಿದ್ದರು. ರಸೂಲಸಾಬ ಅದನ್ನು ಹತ್ತಿದ, ಹಕ್ಕಿ ಬಂದವು, ಅವನ ಬಾಯಿಗೆ ಬಂದದ್ದು ರೂಢಿಯ ಮಾತೇ: "ತಿಕೋಟಾ, ತಿಕೋಟಾ! ಹೊಂಟೈತ್ರಿ, ಹೊಂಟೈತಿ!" ಗಿಣಿಗಳು ಒಂದೇ ಸಲಕ್ಕೆ ಹಾರಿದವು. ರಸ್ತೆಯಲ್ಲಿ ನಡೆದು ಹೊರಟಿದ್ದ ಮದುವೆ ಮಂದಿ ಮಾತ್ರ ಜೀಪು ಬಂತೆಂದು ತಿಳಿದು, ತಲೆ ಮೇಲಿನ ಬುಟ್ಟಿ ಸಮೇತ ಓಡಿಬಂದು ತೋಟದ ಬೇಲಿಗೆ ಸಿಕ್ಕಿಕೊಂಡರು. ಬಸಗೊಂಡಪ್ಪ ಅವರಿಗೆಲ್ಲ ಒಂದೊಂದು ಗೊನೆ ಕೊಟ್ಟು ಸಮಾಧಾನ ಮಾಡಿ ಕಳಿಸಬೇಕಾಯಿತು. ಆದರೂ ಬಸಗೊಂಡಪ್ಪ ಖುಷಿಯಾಗಿದ್ದರು.

ಖುಷಿಯಾಗದವನು ಬದುವಿನ ಆಚೆಯ ಸಿದ್ದರಾಯ. ಅವನ ಹೊಲದಲ್ಲಿ ಹಿಂಗಾರಿ ಜೋಳ ಹಾಲುಗಾಳಾಗಿ ತೂಗುತ್ತಿತ್ತು. ದ್ರಾಕ್ಷಿಯಿಂದ ಎದ್ದ ಹಕ್ಕಿ ನೆಟ್ಟಗೆ ಹೋಗಿ ಅವನ ತೆನೆಯ ಮೇಲೆ ಕೂತವು. ಸಿದ್ದರಾಯ ಬದುವಿನ ಮೇಲೆ ನಿಂತು, "ಬಸಗೊಂಡಪ್ಪಣ್ಣ, ನಿಮ್ಮ ಹಕ್ಕೀನ ನನ್ನ ಹೊಲಕ್ಕ ಅಟ್ಟತೀರಲ್ಲ, ಇದು ಧರ್ಮೇನು?" ಎಂದು ಕೇಳಿದ.

"ನನ್ನ ಹಕ್ಕಿ? ರೆಕ್ಕಿ ಮ್ಯಾಲ ನನ್ನ ಹೆಸರು ಬರದೈತೇನು?"

"ನಿಮ್ಮ ತೋಟದಿಂದನ ಬಂದಾವ."

"ನನ್ನ ತೋಟಕ್ಕ ಬರೂಮುಂದ ನಿನ್ನ ಹೊಲದಿಂದನ ಬಂದಾವ. ಹಂಗಂದ್ರ ಮೊದಲ ನಿನ್ನವು!"

ಮಾತು ಹೀಗೆ ಬದುವಿನ ಆಚೆ ಈಚೆ ಹಾರಾಡಿತು. ಅಷ್ಟರಲ್ಲಿ ಲಕ್ಕವ್ವ ಬಂದಳು. ತೋಟದ ಇನ್ನೊಂದು ಮಗ್ಗುಲಿಗೆ ಗುಡಿಸಲು ಹಾಕಿಕೊಂಡು, ಒಂದು ಎಮ್ಮಿ ಸಾಕಿ, ಊರಿನ ಚಹಾದ ಅಂಗಡಿಗೆ ಹಾಲು ಹಾಕಿ ಬದುಕುವ ಹೆಣ್ಣುಮಗಳು. ಒಂಟಿ ಜೀವ, ನಾಲಿಗೆ ಮಾತ್ರ ನಾಲ್ಕು ಮಂದಿಯದು.

"ನಿಮ್ಮ ಹಕ್ಕಿ ಹಾಳಾಗಲಿ! ಇವನು ಒದರೂದಕ್ಕ ನನ್ನ ಎಮ್ಮಿ ನಡಗಾಕತ್ತೈತಿ. ಕೆಚ್ಚಲಿಗೆ ಕೈ ಹಚ್ಚಿದ್ರ ಹಾಲ ಇಳಸವಲ್ದು. ಚಹಾದವ ನನಗ 'ಅತ್ತಿ, ಇವತ್ತ ಬರೇ ಡಿಕಾಕ್ಷಿನ್ ಏನು' ಅಂತ ಕೇಳ್ತಾನ!"

ಮೂವರೂ ಕತ್ತೆತ್ತಿ ಅಟ್ಟಣಿಗಿಯತ್ತ ನೋಡಿದರು. ರಸೂಲಸಾಬ ಮೇಲಿಂದ ಮೂವರಿಗೂ ತಲೆ ಆಡಿಸಿದ. ಮೂವರ ಮಾತೂ ಅವನಿಗೆ ಖರೆ ಅನಿಸಿತ್ತು.

ಮರುದಿನ ಬಸಗೊಂಡಪ್ಪ ಇಲ್ಲದ ಹೊತ್ತು ನೋಡಿ ಸಿದ್ದರಾಯ ಬೆಂಕಿಯಲ್ಲಿ ಸುಟ್ಟು ಉಜ್ಜಿದ ಹಸಿ ಜೋಳದ ಸೀತನಿಯನ್ನು ರುಮಾಲಿನಲ್ಲಿ ಕಟ್ಟಿಕೊಂಡು ಅಟ್ಟಣಿಗಿ ಕೆಳಗೆ ಬಂದ. ಬಿಸಿ ಸೀತನಿ, ಜೊತೆಗೆ ಬೆಲ್ಲ, ಶೇಂಗಾ ಚಟ್ನಿಪುಡಿ. "ರಸೂಲಣ್ಣ, ಒಂದ ಮಾತು. ಆ ಕಡಿ ಕೂಗಿದ ಮ್ಯಾಲ ಮುಖ ಹೊಳ್ಳಿಸಿ ಈ ಕಡಿ ಒಂದ ಸಲ ಕೂಗು. ನಿನಗೇನು, ಕುತ್ತಿಗಿ ತಿರುವೂದಷ್ಟ." ರಸೂಲಸಾಬ ಒಪ್ಪಿದ. ಸೀತನಿ ಬಹಳ ರುಚಿಯಾಗಿತ್ತು.

ಸಂಜೆಗೆ ಲಕ್ಕವ್ವ ಬಂದಳು. ಬೈಯಲು ಬಂದಿದ್ದಾಳೆಂದು ಅವನು ಹಲಗೆಯ ಹಿಂದಕ್ಕೆ ಸರಿದ. ಆಕೆ ಗಟ್ಟಿ ಮೊಸರಿನ ಗಡಿಗೆ ಮೇಲಕ್ಕೆ ಎತ್ತಿ ಹಿಡಿದಳು. "ತಮ್ಮಾ, ನೀ ಕೂಗಬ್ಯಾಡ ಅನ್ನಂಗಿಲ್ಲ. ಮುಂಜಾನಿ ಹಿಂಡೂ ಹೊತ್ತಿಗೆ, ಸಂಜಿ ಹಿಂಡೂ ಹೊತ್ತಿಗೆ ಒಂದೀಟು ಬಾಯಿ ಮುಚ್ಚಿಕೊಂಡಿರು. ಆಮ್ಯಾಲ ಬೇಕಾದ್ರ ಮುಗಲು ಹರೀವಂಗ ಒದರು." ಅದಕ್ಕೂ ರಸೂಲಸಾಬ ಒಪ್ಪಿದ. ಸೀತನಿಗೆ ಮೊಸರು ಕಲಸಿಕೊಂಡರೆ ಇನ್ನೂ ರುಚಿಯಾಗುತ್ತದೆಂದು ಅವನಿಗೆ ಆಮೇಲೆ ಗೊತ್ತಾಯಿತು.

ಹೀಗೆ ಕೆಲವು ದಿನ ಎಲ್ಲರಿಗೂ ಸುಖವಾಗಿತ್ತು. ಎಮ್ಮಿ ಹಾಲು ಕೊಟ್ಟಿತು, ಜೋಳ ಉಳಿಯಿತು, ರಸೂಲಸಾಬನ ಗಲ್ಲಕ್ಕೆ ಸ್ವಲ್ಪ ಮಾಂಸ ಬಂತು. ಈ ಒಪ್ಪಂದವನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದುಕೊಂಡವು ಹಕ್ಕಿಗಳು. ಎಮ್ಮಿ ಹಿಂಡುವ ಹೊತ್ತಿಗೆ ಅಟ್ಟಣಿಗಿ ಸುಮ್ಮನಾಗುತ್ತದೆಂದು ಅವಕ್ಕೆ ಪತ್ತೆ ಹತ್ತಿತು. ಹಗಲೆಲ್ಲ ಹಾಳು ಬಾವಿಯ ಕಡೆಯ ಬೇವಿನ ಗಿಡದಲ್ಲಿ ಕೂತಿದ್ದು, ಲಕ್ಕವ್ವ ಹಾಲಿನ ಚರಿಗೆ ಹಿಡಿದು ಕೊಟ್ಟಿಗೆಗೆ ಹೊರಟಳೆಂದರೆ ಸಾಕು, ತಾಸಿನ ಗಂಟೆ ಬಡಿದ ಹಾಗೆ ಬಂದು ದ್ರಾಕ್ಷಿಗೆ ಬೀಳುತ್ತಿದ್ದವು.

ಗೊನೆಗಳು ಅರ್ಧರ್ಧ ಕುಕ್ಕಿದ್ದು ನೋಡಿ ಬಸಗೊಂಡಪ್ಪನವರಿಗೆ ಸಂಶಯ ಬಂತು. ಒಂದು ಸಂಜೆ ಹೆಂಡತಿ ರೇಣುಕವ್ವನಿಗೆ ವಿಜಾಪುರಕ್ಕೆ ಹೋಗುತ್ತೇನೆಂದು ಹೇಳಿ, ಬಳ್ಳಿಯ ಕೆಳಗೆ ಅಡಗಿ ಕೂತರು. ಹಕ್ಕಿ ಬಂದವು. ಒಂದಂತೂ ಅವರ ತಲೆಗೆ ಸುತ್ತಿದ ಪಟಗದ ಮೇಲೇ ಕೂತು ಸಾವಕಾಶವಾಗಿ ತಿಂದಿತು. ಮೇಲಿಂದ ಸದ್ದೇ ಇಲ್ಲ. ಅವರು ಎದ್ದು ಹೋಗಿ ಅಟ್ಟಣಿಗಿಯ ನಿಚ್ಚಣಿಕೆ ಹತ್ತಿದರು. ರಸೂಲಸಾಬ ಕಣ್ಣು ಮುಚ್ಚಿಕೊಂಡು, ಬಾಯಿತುಂಬ ಮೊಸರು ಸೀತನಿ ಇಟ್ಟುಕೊಂಡು ಸುಖವಾಗಿ ಜಗಿಯುತ್ತಿದ್ದ.

"ಬಾಯಾಗ ಏನೈತಲೇ?"

ಅವನು ಉತ್ತರ ಹೇಳಲು ಹೋದ. ಸೀತನಿ ಸಾವಕಾರರ ಮುಖದ ಮೇಲೆ ಸಿಡಿಯಿತು. ಗಂಟಲಿಗೆ ಸಿಕ್ಕ ಕಾಳಿಗೆ ಕೆಮ್ಮು ಬಂತು, ಆ ಕೆಮ್ಮಿಗೆ ಹಕ್ಕಿಯೆಲ್ಲ ಹಾರಿದವು, ಅಲ್ಲಿ ಎಮ್ಮಿ ಬೆದರಿ ಚರಿಗೆ ಒದ್ದಿತು. ಲಕ್ಕವ್ವ ಬೈಯುತ್ತ ಓಡಿಬಂದಳು. "ಹಿಂಡೂ ಹೊತ್ತಿಗೆ ಸುಮ್ಮನಿರ್ತೀನಿ ಅಂದಿದ್ದೆಲ್ಲೋ!" ಸಿದ್ದರಾಯ ಬದು ಹಾರಿ ಬಂದ. "ನಿನಗ್ಯಾವಾಗ ಮಾತ ಕೊಟ್ಟಿದ್ದ ಇವಾ?" ಒಂದು ಗಳಿಗೆಯಲ್ಲಿ ಎಲ್ಲ ಗುಟ್ಟು ಬಯಲಾಯಿತು.

ನ್ಯಾಯ ಊರ ಮಠಕ್ಕೆ ಹೋಯಿತು. ಮಠದ ಹಿರಿಯರು ಗುರುಪಾದಯ್ಯನವರು, ಎಲ್ಲರೂ ಅಜ್ಜಾರ ಅಂತಿದ್ದರು. ಸೌಮ್ಯ ಮನುಷ್ಯರು. ಸುದ್ದಿ ಊರಿಗೆಲ್ಲ ಹಬ್ಬಿ, ಹೊಲದ ಕೆಲಸ ಬಿಟ್ಟು ಮಂದಿ ಬಂದು ಮಠದ ಪಡಸಾಲೆ ತುಂಬಿದರು. ರಸೂಲಸಾಬ ಕಂಬಕ್ಕೆ ಒರಗಿ ಮುದುಡಿ ಕೂತಿದ್ದ.

ಅಜ್ಜಾರು ಎಲ್ಲ ಕೇಳಿ, "ಹಕ್ಕಿಗೂ ಶಿವ ಹೊಟ್ಟಿ ಕೊಟ್ಟಾನಪಾ. ಒಂದೀಟು ತಿಂದ್ರ ನಿಮ್ಮದೇನು ಹೋದೀತು?" ಅಂದರು.

"ಒಂದೀಟ ತಿನ್ರಿ ಅಂತ ಹಕ್ಕಿಗೆ ಹೇಳೂರು ಯಾರ್ರಿ ಅಜ್ಜಾರ?" ಎಂದರು ಬಸಗೊಂಡಪ್ಪ.

"ಇವನ ದನಿ ಅಷ್ಟ ದೊಡ್ಡದೇನು? ನೋಡೂಣು, ಒಂದ ಸಲ ಕೂಗು."

ಬೇಡವೆಂದು ಮೂರು ಕಡೆಯವರೂ ಒಂದೇ ಬಾಯಿಂದ ಹೇಳುವಷ್ಟರಲ್ಲಿ ರಸೂಲಸಾಬ ಎದ್ದು ನಿಂತಿದ್ದ. ಹಿರಿಯರು ಹೇಳಿದ ಮೇಲೆ ಹೇಗೆ ಇಲ್ಲ ಅನ್ನುವುದು? "ತಿಕೋಟಾ, ತಿಕೋಟಾ!" ಮಠದ ಮಾಡಿನಿಂದ ಮಣ್ಣು ಉದುರಿತು. ಅಜ್ಜಾರ ಕೈಯಲ್ಲಿದ್ದ ವಿಭೂತಿ ಗಟ್ಟಿ ಜಾರಿ ಎರಡು ತುಂಡಾಯಿತು. ಮಂದಿ ತಲೆ ಮೇಲೆ ಬಿದ್ದ ಮಣ್ಣು ಝಾಡಿಸಿಕೊಂಡರು.

ಅಷ್ಟರಲ್ಲಿ ಮದೀನಾಬಿ ಒಳಗೆ ಬಂದಳು. ನಿನ್ನ ಗಂಡನನ್ನು ಮಠದಲ್ಲಿ ಕೂರಿಸಿ ನ್ಯಾಯ ಮಾಡುತ್ತಾರಂತೆ ಎಂದು ಅಬ್ದುಲಗನಿ ಹಕ್ಕಿ, ಎಮ್ಮಿಯ ಸುದ್ದಿ ಸಮೇತ ಹೇಳಿದ್ದೇ ತಡ, ಅವನದೇ ಜೀಪು ಹತ್ತಿ ಬಂದಿದ್ದಳು. ಕೌದಿ ಹೊಲಿಯುತ್ತಿದ್ದ ಸೂಜಿ ಇನ್ನೂ ಸೆರಗಿಗೆ ಚುಚ್ಚಿಯೇ ಇತ್ತು. ಹೊಸ ಊರು, ಗಂಡಸರ ಸಭೆ ಎಂದು ಮೊದಲು ಅಂಜಿದಳು. ಗಂಡನ ಮುಖ ನೋಡಿದ ಮೇಲೆ ಅಂಜಿಕೆ ಹೋಯಿತು.

"ಅಜ್ಜಾರ, ಇವರದು ತಪ್ಪಿಲ್ಲ ಅಂತ ನಾ ಅನ್ನಂಗಿಲ್ರಿ. ಇವರಿಗೆ ಇಲ್ಲ ಅನ್ನಾಕ ಬರಂಗಿಲ್ಲ. ನನ್ನ ಮದಿವಿಗೂ ಹಿಂಗ ಹೂಂ ಅಂದಾರ." ಸಭೆ ನಕ್ಕಿತು. ಅವಳು ನಗದೆ, ಅಲ್ಲಿದ್ದ ಒಬ್ಬಳೇ ಹೆಣ್ಣುಮಗಳು ಲಕ್ಕವ್ವನ ಕಡೆ ತಿರುಗಿದಳು. "ಯವ್ವಾ, ನಿನ್ನ ಎಮ್ಮಿ ಅಂಜೂದು ದನಿಗೋ, ಗುರುತಿಲ್ಲದವರ ದನಿಗೋ?"

"ಅದನ್ನ ಎಮ್ಮೀನ ಕೇಳಬೇಕವಾ."

"ನಾನೂ ಹೊಸದರಾಗ ಅಂಜಿದ್ದೆ. ರೂಢಿ ಆದ ಮ್ಯಾಲ, ಗುಡಿ ಕಡಿಂದ ಇವರು ಕೂಗೂದು ಕೇಳಸಲಿಲ್ಲಂದ್ರ ನನ್ನ ಸೂಜಿನ ಓಡತಿರಲಿಲ್ಲ. ನಿನ್ನ ಎಮ್ಮಿಗೆ ಇವರ ಕೈಲೆ ಹಿಂಡಿ ತಿನಸು. ಮೊದಲ ಮೆಲ್ಲಕ ಮಾತಾಡ್ಲಿ, ಆಮ್ಯಾಲ ಜೋರು ಮಾಡ್ಲಿ."

ಅಟ್ಟಣಿಗಿಯನ್ನು ಬದುವಿನ ಮೇಲೆ ಎತ್ತಿ ನಿಲ್ಲಿಸಬೇಕು, ರಸೂಲಸಾಬನನ್ನು ಬಸಗೊಂಡಪ್ಪ, ಸಿದ್ದರಾಯ ಇಬ್ಬರೂ ಕೂಡಿ ಸಾಕಬೇಕು ಎಂದು ಅಜ್ಜಾರು ಒಡೆದ ವಿಭೂತಿ ಆರಿಸಿಕೊಳ್ಳುತ್ತ ತೀರ್ಮಾನ ಕೊಟ್ಟರು. ಬಸಗೊಂಡಪ್ಪ ಸ್ವಲ್ಪ ಗೊಣಗಿದರು, ಸಿದ್ದರಾಯನೂ ಅಷ್ಟೇ ಗೊಣಗಿದ. ಇಬ್ಬರೂ ಸಮನಾಗಿ ಗೊಣಗಿದ್ದರಿಂದ ತೀರ್ಮಾನ ಸರಿಯಾಗಿದೆಯೆಂದು ಊರವರು ಎದ್ದು ಹೋದರು.

ಎಮ್ಮಿಯ ಶಾಲೆ ಶುರುವಾಯಿತು. ರಸೂಲಸಾಬ ಹತ್ತಿಕಾಳಿನ ಹಿಂಡಿ ಅಂಗೈಯಲ್ಲಿ ಹಿಡಿದು, ಅದರ ಕಿವಿಯಲ್ಲಿ "ತಿಕೋಟಾ" ಎಂದು ಉಸುರುತ್ತಿದ್ದ. ಎಮ್ಮಿ ಕಣ್ಣು ಅಗಲಿಸಿ ನೋಡಿ ಹಿಂಡಿ ತಿನ್ನುತ್ತಿತ್ತು. ದಿನಕ್ಕಿಷ್ಟು ದನಿ ಏರಿಸಿದ. ಎಮ್ಮಿ ಬಾಲ ಅಲ್ಲಾಡಿಸುವುದು ಬಿಟ್ಟಿತು, ಕಿವಿ ಜೋಲು ಬಿಟ್ಟಿತು, ಕಡೆಗೆ ಅವನು ಪೂರಾ ಗಂಟಲಿನಿಂದ ಕೂಗಿದರೂ ಮೆಲುಕು ಹಾಕುತ್ತ ನಿಂತಿತು. ಲಕ್ಕವ್ವ ದೃಷ್ಟಿ ತೆಗೆದಳು, ಎಮ್ಮಿಗಲ್ಲ, ರಸೂಲಸಾಬನಿಗೆ.

ಆದರೆ ಒಂದು ಶುಕ್ರವಾರ ಅವನು ನಮಾಜಿಗೆಂದು ವಿಜಾಪುರಕ್ಕೆ ಹೋದ. ಸಂಜೆ ಲಕ್ಕವ್ವ ಹಿಂಡಲು ಕೂತರೆ ಎಮ್ಮಿ ಹನಿ ಹಾಲು ಇಳಿಸಲಿಲ್ಲ. ಸವರಿದಳು, ಹಾಡಿದಳು, ಬೈದಳು. ಕಡೆಗೆ ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು ತಾನೇ "ತಿಕೋಟಾ, ತಿಕೋಟಾ" ಎಂದು ಕೂಗಿದಳು. ಎಮ್ಮಿ ಕತ್ತು ತಿರುಗಿಸಿ ಅವಳನ್ನೊಮ್ಮೆ ನೋಡಿ ಮತ್ತೆ ಮುಖ ತಿರುಗಿಸಿತು. ಅವತ್ತು ಚಹಾದ ಅಂಗಡಿಯಲ್ಲಿ ಬರೇ ಡಿಕಾಕ್ಷಿನ್. ಸಾಬಣ್ಣ ಊರು ಬಿಟ್ಟು ಹೋಗಬಾರದೆಂದು ಆಮೇಲೆ ಎಲ್ಲರಿಗಿಂತ ಜೋರಾಗಿ ವಾದ ಮಾಡಿದವಳು ಲಕ್ಕವ್ವನೇ.

ಹಕ್ಕಿಗಳೂ ಹೊಟ್ಟೆ ಕಟ್ಟಿಕೊಂಡು ಕೂರಲಿಲ್ಲ. ತೋಟವೂ ಇಲ್ಲ, ಜೋಳವೂ ಇಲ್ಲವೆಂದಾದ ಮೇಲೆ ಮಠದ ಹಿತ್ತಲಿನ ಪೇರಲ ಗಿಡ ಹುಡುಕಿಕೊಂಡವು. ಅಜ್ಜಾರಿಗೆ ಪೇರಲಹಣ್ಣೆಂದರೆ ಪ್ರಾಣ. ಎರಡು ದಿನ ತಾಳಿಕೊಂಡರು. ಮೂರನೇ ದಿನ ತಾವೇ ನಡೆದು ಅಟ್ಟಣಿಗಿ ಕೆಳಗೆ ಬಂದು, ಅತ್ತಿತ್ತ ನೋಡಿ, "ಸಾಬರ, ಗಾಳಿ ಮಠದ ಕಡಿ ಬೀಸೂಮುಂದ ಒಂದೀಟು ಆ ಕಡಿಗೂ ಕೂಗ್ರೆಪಾ" ಅಂದರು.

"ಹಕ್ಕಿಗೂ ಹೊಟ್ಟಿ ಐತಿ ಅಂದಿದ್ರಲ್ರಿ ಅಜ್ಜಾರ?" ಎಂದು ರಸೂಲಸಾಬ ಮುಗ್ಧವಾಗಿ ಕೇಳಿದ.

"ಹೊಟ್ಟಿ ಐತಿ. ಆದ್ರ ಪೇರಲ ಹಕ್ಕಿಗೆ ಪಚನ ಆಗೂದಿಲ್ಲಪಾ."

ಅವನಿಗೆ ಅದೂ ಖರೆ ಅನಿಸಿತು.

ಮದೀನಾಬಿ ಓಣಿಯ ಮನೆ ಬಿಟ್ಟು ತಿಕೋಟಾಕ್ಕೇ ಬಂದಳು. ತೋಟದ ಅಂಚಿಗೆ ಒಂದು ಮನೆ ಕಟ್ಟಿಕೊಂಡರು. ಸುತ್ತ ಗೋಡೆ ಹಚ್ಚಿದ ಮನೆ ಒಂದೂ ಇಲ್ಲ. ಮೊದಲ ದಿನ ರಸೂಲಸಾಬ ರೂಢಿಯಂತೆ ಕೈ ಮಾಡಿ ನೀರು ಕೇಳಿದ. "ಬಾಯಿ ಇಲ್ಲೇನ್ರಿ?" ಎಂದು ಅವಳು ಗದರಿದಳು. ಆ ಗದರಿಕೆ ಕೇಳಿ ರಸೂಲಸಾಬ ಬೆಚ್ಚಿಬಿದ್ದ. ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಅವಳ ದನಿಯೂ ಏನು ಸಣ್ಣದಲ್ಲ. ಅವತ್ತು ಇಬ್ಬರೂ ಮನಸಾರೆ ಜಗಳಾಡಿದರು. ಹಳೆಯದೆಲ್ಲ ಬಾಕಿ ಇತ್ತು.

ಮರುವರ್ಷ ಸಿದ್ದರಾಯ ಜೋಳ ಬಿಟ್ಟು ದ್ರಾಕ್ಷಿ ಹಚ್ಚಿದ. ಬಸಗೊಂಡಪ್ಪನವರು ತೋಟದ ಬಾಜು ಖಾಲಿ ಇದ್ದ ಹೊಲಕ್ಕೆ ಜೋಳ ಬಿತ್ತಿದರು. ಬಳ್ಳಿ ಬೆಳೆದು ಕಾಯಿ ಹಿಡಿಯುವ ಕಾಲಕ್ಕೆ ಬಸಗೊಂಡಪ್ಪ ಬದುವಿನ ಮೇಲೆ ನಿಂತು, "ಸಿದ್ದರಾಯ, ನಿನ್ನ ಹಕ್ಕೀನ ನನ್ನ ಜ್ವಾಳಕ್ಕ ಅಟ್ಟತೀಯಲ್ಲ, ಇದು ಧರ್ಮೇನು?" ಎಂದರು. "ರೆಕ್ಕಿ ಮ್ಯಾಲ ನನ್ನ ಹೆಸರೈತೇನ್ರಿ?" ಎಂದ ಸಿದ್ದರಾಯ. ಇಬ್ಬರೂ ಅಷ್ಟೇ ಸಿಟ್ಟಿನಿಂದ, ಅಷ್ಟೇ ನಂಬಿಕೆಯಿಂದ ಮಾತಾಡುತ್ತಿದ್ದರು. ರಸೂಲಸಾಬ ಮೇಲೆ ಕೂತು ಇಬ್ಬರಿಗೂ ತಲೆ ಆಡಿಸಿದ. ಈ ಸಲ ಸೀತನಿ ತಂದವರು ಬಸಗೊಂಡಪ್ಪ.

ಕೈ ಸ್ವಲ್ಪ ಸುಧಾರಿಸಿದ ಮೇಲೆ, ನಮಗೂ ಒಂದು ಎಮ್ಮಿ ಬೇಕೆಂದು ಮದೀನಾಬಿ ಹಟ ಹಿಡಿದಳು. ಗಂಡಹೆಂಡತಿ ಲಕ್ಕವ್ವನನ್ನು ಕರೆದುಕೊಂಡು ಬಬಲೇಶ್ವರದ ಸಂತೆಗೆ ಹೋದರು. ಲಕ್ಕವ್ವ ಕೆಚ್ಚಲು ನೋಡಬೇಕೆಂದಳು, ಮದೀನಾಬಿ ಬಣ್ಣ ನೋಡಬೇಕೆಂದಳು. ರಸೂಲಸಾಬನಿಗೆ ಬೇರೆಯೇ ಚಿಂತೆ. "ಮತ್ತ ಹಿಂಡಿ ತಿನಿಸಿ ಸಾಲಿ ಕಲಸೂದು ನನ್ನ ಕೈಲೆ ಆಗೂದಿಲ್ಲ. ಅಂಜದ ಎಮ್ಮೀನ ಆರಸ್ತೇನಿ" ಎಂದು ಒಂದು ಎಮ್ಮಿಯ ಮುಂದೆ ನಿಂತು ಕೂಗಿದ. ಅದು ಹಗ್ಗ ಕಿತ್ತುಕೊಂಡು ಮೆಣಸಿನಕಾಯಿ ರಾಶಿಯ ಮೇಲೆ ಓಡಿತು. ಇನ್ನೊಂದರ ಮುಂದೆ ಕೂಗಿದ. ಅದು ಮಾಲೀಕನನ್ನೇ ಎಳೆದುಕೊಂಡು ಹೋಯಿತು. ಸಂತೆಯ ಅರ್ಧ ಮಂದಿ ಬೈಯುತ್ತಿದ್ದರು, ಇನ್ನರ್ಧ ಮಂದಿ ತಿಕೋಟಾ ಜೀಪು ಎಲ್ಲಿದೆಯೆಂದು ಹುಡುಕುತ್ತಿದ್ದರು.

ಮೂಲೆಯಲ್ಲಿ ಒಂದು ಎಮ್ಮಿ ಮಾತ್ರ ಕೂಗಿದರೂ ಮೆಲುಕು ನಿಲ್ಲಿಸಲಿಲ್ಲ. ಇನ್ನೂ ಹತ್ತಿರ ಹೋಗಿ ಕೂಗಿದ, ಕಣ್ಣು ಮಿಟುಕಿಸಲಿಲ್ಲ. "ಧೈರ್ಯ ಅಂದ್ರ ಇದು!" ಎಂದು ರಸೂಲಸಾಬ ಅದರ ಕೊರಳಿಗೆ ಜೋತುಬಿದ್ದ. ಮಾರುವವನು ಹೆಚ್ಚು ಚೌಕಾಸಿ ಮಾಡದೆ ಹಗ್ಗ ಕೊಟ್ಟು, ಲಗುಲಗು ಮಂದಿಯಲ್ಲಿ ಮರೆಯಾದ.

ತಿಕೋಟಾಕ್ಕೆ ಬಂದ ಮೇಲೆ ಲಕ್ಕವ್ವ ಅದರ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು, ತಾಟು ಬಡಿದಳು, ಆಮೇಲೆ ನೆಲದ ಮೇಲೆ ಕುಕ್ಕರಿಸಿ ಕೂತು ನಗತೊಡಗಿದಳು. "ಸಾಬಣ್ಣ, ಇದಕ್ಕ ಕಿವೀನ ಕೇಳಂಗಿಲ್ಲೋ!"

ರಸೂಲಸಾಬ ಬಗ್ಗಿ ಎಮ್ಮಿಯ ಕಿವಿಯೊಳಗೆ ಇಣುಕಿ ನೋಡಿದ. ಮದೀನಾಬಿ ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು. ಆದರೆ ಎಮ್ಮಿ ಒಳ್ಳೆಯದಿತ್ತು. ಚರಿಗೆ ತುಂಬ ಹಾಲು ಕೊಡುತ್ತಿತ್ತು, ಯಾರು ಹಿಂಡಿದರೂ ಕೊಡುತ್ತಿತ್ತು. ಮೇಯಲು ಬಿಟ್ಟರೆ ಮಾತ್ರ ಕರೆದರೆ ಬರುತ್ತಿರಲಿಲ್ಲ. ಸುತ್ತಲಿನ ಊರಿಗೆಲ್ಲ ದನಿ ಕೇಳಿಸುವ ರಸೂಲಸಾಬ ದಿನಾ ಸಂಜೆ ಗಪ್ಪಾಗಿ ಹಳ್ಳದ ದಂಡಿಯವರೆಗೆ ನಡೆದುಹೋಗಿ, ಕೊಂಬು ಹಿಡಿದು ಮನೆಗೆ ಕರೆತರುತ್ತಿದ್ದ.